ಪಕ್ಕದ ಮನೆಯ ಪಾಠ

ಮಾನಸಿಗೆ ಓದಲು ಬರುವುದಿಲ್ಲ ಎಂಬುದು ರಮಿತಾಳಿಗೆ ಗೊತ್ತಾದದ್ದು ಕೊರೋನಾದಿಂದ ಶಾಲೆಗಳು ಮುಚ್ಚಿ ಆರೇಳು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಅಕಸ್ಮಾತ್ತಾಗಿ.

ಅಲ್ಲಿಯವರೆಗೆ ಹೇಗೋ ನಡೆದುಕೊಂಡು ಹೋಗುತ್ತಿದೆ ಎಂದೇ ಅವಳು ತಿಳಿದಿದ್ದಳು. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅವರ ಮನೆ. ಗಂಡ ಶೈಲೇಶ್ ಕಲ್ಯಾಣ ಸ್ಟೇಷನ್ನಿನ ಹತ್ತಿರದ ವೆಜ್ ಹೋಟೆಲೊಂದರಲ್ಲಿ ಮ್ಯಾನೇಜರ್. ಹೋಟೆಲು ಕೆಲವು ತಿಂಗಳು ಪೂರ್ತಿ ಮುಚ್ಚಿ, ಆಮೇಲೆ ಬರೀ ಪಾರ್ಸೆಲ್ಲಿಗೆಂದು ತೆರೆದಿತ್ತು. ರಮಿತಾ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪೆನಿಯ ಅಕೌಂಟ್ಸಿನಲ್ಲಿದ್ದಳು. ಲೋಕಲ್ ಟ್ರೇನು ನಿಂತ ಮೇಲೆ ಕಂಪೆನಿಯವರು ಒಂದು ಲ್ಯಾಪ್‌ಟಾಪ್ ಕಳಿಸಿ, ಮನೆಯಿಂದಲೇ ಕೆಲಸ ಮಾಡು ಎಂದಿದ್ದರು. ಹಾಗಾಗಿ ಹಾಲಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಅವಳು. ಇನ್ನೊಂದು ಮೂಲೆಯಲ್ಲಿ, ಅವಲಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಅವಳ ಫೋನಿನ ಮುಂದೆ ಎರಡನೇ ಕ್ಲಾಸಿನ ಮಾನಸಿ. ಟೀಚರ್ ಓದಿಸುತ್ತಿದ್ದರು, ಮಾನಸಿ ಗಟ್ಟಿಯಾಗಿ ಓದುತ್ತಿದ್ದಳು. ರಮಿತಾ ಬಿಲ್ಲುಗಳ ನಡುವೆ ಅರ್ಧ ಕಿವಿ ಅತ್ತ ಕೊಟ್ಟು, ಓದುತ್ತಿದ್ದಾಳಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಮಾನಸಿ ಇಂಗ್ಲಿಷ್ ಪುಸ್ತಕ ಹರಡಿಕೊಂಡು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದಳು. ನೀರು ಕುಡಿಯಲು ಎದ್ದ ರಮಿತಾ ಸುಮ್ಮನೆ ಬಗ್ಗಿ ನೋಡಿದಳು. ಮಗಳ ಬೆರಳು ಒಂದು ಸಾಲಿನ ಮೇಲಿತ್ತು. ಬಾಯಲ್ಲಿ ಬರುತ್ತಿದ್ದುದು ಅದರ ಕೆಳಗಿನ ಸಾಲು. ರಮಿತಾ ಕುಳಿತು, ಪುಟದಲ್ಲಿದ್ದ ಕೋಳಿ ಮತ್ತು ಬಾವಿಯ ಚಿತ್ರವನ್ನು ಅಂಗೈಯಿಂದ ಮುಚ್ಚಿದಳು.

"ಈಗ ಓದು."

"ಕೈ ತೆಗಿ ಮಮ್ಮಿ."

"ಅಕ್ಷರ ಕಾಣ್ತದಲ್ಲ? ಓದು."

ಮಾನಸಿ ಅಕ್ಷರಗಳನ್ನು ನೋಡಿದಳು. ಆಮೇಲೆ ಕಿಟಕಿಯನ್ನು ನೋಡಿದಳು. ರಮಿತಾ ಬೇರೆ ಪುಟ ತೆರೆದಳು, ಹಿಂದಿನ ವರ್ಷದ ಪುಸ್ತಕ ತಂದಳು, ಸೋಪಿನ ಕವರ್ ತಂದಳು. ಎರಡಕ್ಷರದ, ಮೂರಕ್ಷರದ ಕೆಲವು ಶಬ್ದಗಳು ಬಿಟ್ಟರೆ ಮಗುವಿಗೆ ಏನೂ ಬರುತ್ತಿರಲಿಲ್ಲ. ಇಷ್ಟು ದಿನ ಅವಳು ಓದಿದ್ದೆಲ್ಲ ಬೇರೆ ಮಕ್ಕಳು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದು.

ಸಂಜೆ ಶೈಲೇಶ್ ಬಂದು, ಬಾಗಿಲ ಬಳಿಯೇ ಬಟ್ಟೆ ಬಕೆಟಿಗೆ ಹಾಕಿ, ಮಿಂದು ಬಂದ ಮೇಲೆ ರಮಿತಾ ಹೇಳಿದಳು. ಅವನು ಅಷ್ಟೇನೂ ಗಾಬರಿಯಾಗಲಿಲ್ಲ.

"ಎರಡನೇ ಕ್ಲಾಸಿನ ಹುಡುಗಿ. ಶಾಲೆ ಶುರುವಾದ್ರೆ ಎಲ್ಲ ಸರಿ ಆಗ್ತದೆ ಮಾರಾಯ್ತಿ."

"ಯಾವಾಗ ಶುರು ಆಗುದು?"

ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ರಮಿತಾ ತಾನೇ ಕಲಿಸಲು ಕುಳಿತಳು. ಅವಳು ಏಳನೆಯವರೆಗೆ ಕಾರ್ಕಳದ ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು. ಕಾಲೇಜಿನಲ್ಲಿ ಇಂಗ್ಲಿಷ್ ಬಾರದೆ, ಪ್ರಶ್ನೆ ತನ್ನತ್ತ ಬಾರದಿರಲಿ ಎಂದು ಮುಂದಿನವರ ಬೆನ್ನಿನ ಮರೆಯಲ್ಲಿ ಕೂತ ವರ್ಷಗಳು ಅವಳಿಗೆ ನೆನಪಿದ್ದವು. ಮುಂಬಯಿಗೆ ಮದುವೆಯಾಗಿ ಬಂದು, ಟ್ರೇನಿನಲ್ಲಿ, ಆಫೀಸಿನಲ್ಲಿ, ಬೈಸಿಕೊಳ್ಳುತ್ತ ಕಲಿತ ಭಾಷೆ ಅದು. ಮಗಳಿಗೆ ಆ ಗತಿ ಬೇಡ ಎಂದೇ ಇದ್ದುದರಲ್ಲಿ ಒಳ್ಳೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ್ದಳು.

ಪಾಠ ಪ್ರತಿದಿನ ನಗುನಗುತ್ತ ಶುರುವಾಗುತ್ತಿತ್ತು. ಫೋನಿನಲ್ಲಿ ನೋಡಿದ ವಿಡಿಯೋಗಳಂತೆ ಬಣ್ಣದ ಕಾಗದ ಕತ್ತರಿಸಿ ಅಕ್ಷರ ಮಾಡಿದಳು, ರವೆಯ ಮೇಲೆ ಬೆರಳಿನಿಂದ ಬರೆಸಿದಳು. ನಿನ್ನೆ ಬಂದ ಶಬ್ದ ಇವತ್ತು ಬರುತ್ತಿರಲಿಲ್ಲ. "ಈಗಷ್ಟೆ ಹೇಳಿದ್ದಲ್ಲ?" ಎಂಬ ಮಾತು ಬಾಯಿಗೆ ಬಂದ ಕೂಡಲೇ ಮಾನಸಿಯ ಕಣ್ಣು ಅಕ್ಷರ ಬಿಟ್ಟು ಅಮ್ಮನ ಮುಖಕ್ಕೆ ಬರುತ್ತಿತ್ತು. ಆಮೇಲೆ ಅವಳು ಪುಸ್ತಕದಲ್ಲಿ ಏನಿದೆ ಎಂದು ನೋಡುತ್ತಲೇ ಇರಲಿಲ್ಲ. ಅಮ್ಮನ ಮುಖದಲ್ಲಿ ಉತ್ತರ ಹುಡುಕುತ್ತಿದ್ದಳು. ಅಷ್ಟರಲ್ಲಿ ಆಫೀಸಿನಿಂದ ಕರೆ ಬರುತ್ತಿತ್ತು. ಪಾಠ ಅಳುವಿನಲ್ಲಿ ಮುಗಿಯುತ್ತಿತ್ತು. ಯಾವುದೋ ದಿನ ಮಗಳದು, ಯಾವುದೋ ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಮ್ಮನದು.

ದೀಪಾವಳಿ ಕಳೆದ ಮೇಲೆ ಟೀಚರ್ ಮಲ್ಲಿಕಾ ಮಿಸ್ ಒಬ್ಬೊಬ್ಬರಿಂದಲೇ ಓದಿಸಿ ನೋಡುವುದಾಗಿ ಹೇಳಿದರು. ಮಾನಸಿಯ ಸರದಿ ಬಂದಾಗ ರಮಿತಾ ಫೋನಿನ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ ನಿಂತುಕೊಂಡಳು. ಪುಸ್ತಕವನ್ನು ತಲೆಕೆಳಗಾಗಿ ನೋಡುತ್ತ ಒಂದೊಂದೇ ಶಬ್ದ ಪಿಸುಗುಟ್ಟಿದಳು. ಮಾನಸಿ ಅದನ್ನೇ ಹೇಳಿದಳು. ಎರಡು ಸಾಲು ಹೀಗೇ ದಾಟಿತು. ಮೂರನೆಯ ಸಾಲಿನಲ್ಲಿ ಕೆಳಗೆ ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರು.

"ಮಮ್ಮಿ, ಜೋರ್ ಸೇ ಬೋಲೋ ನಾ," ಎಂದಳು ಮಾನಸಿ, ತಲೆಯೆತ್ತಿ, ಗಟ್ಟಿಯಾಗಿ. "ಸುನಾಯಿ ನಹೀ ದೇತಾ." ಜೋರಾಗಿ ಹೇಳು, ಕೇಳಿಸುವುದಿಲ್ಲ ಎಂದು ಅವಳ ದೂರು.

ಕ್ಲಾಸಿನ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮಲ್ಲಿಕಾ ಮಿಸ್ ನಗಲಿಲ್ಲ. "ಪರವಾಗಿಲ್ಲ ಮಾನಸಿ, ಇನ್ನೊಮ್ಮೆ ನೋಡೋಣ," ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಮಗುವನ್ನು ಕರೆದರು. ರಮಿತಾಳ ಕಿವಿ ಬಿಸಿಯಾಗಿತ್ತು. ಅವಳು ಮುಂದೆ ಬಂದು ಮೈಕಿನ ಗುರುತಿನ ಮೇಲೆ ಬೆರಳೊತ್ತಿದಳು. ಟೀಚರ್ ಆಗಲೇ ಆ ಮೈಕನ್ನು ಮುಚ್ಚಿದ್ದರು. ರಮಿತಾ ಒತ್ತಿದ್ದರಿಂದ ಅದು ಮತ್ತೆ ತೆರೆದುಕೊಂಡಿತು. ಅವಳು ನೋಡಲಿಲ್ಲ.

"ನಾಚಿಕೆ ಆಗುದಿಲ್ವಾ ನಿಂಗೆ? ಎಲ್ಲರೆದುರು ನನ್ನ ಮರ್ಯಾದೆ ತೆಗಿತೀಯಲ್ಲ! ನಿನ್ನಷ್ಟೇ ಮಕ್ಕಳು ಹೇಗೆ ಓದ್ತಾರೆ ನೋಡು! ನಿನ್ನ ತಲೆಯಲ್ಲಿ ಎಂತ ಸಗಣಿ ತುಂಬಿದ್ದಾ?" ಎಂದು ಕೂಗಿ, ಮಗಳ ಕೆನ್ನೆಗೆ ಬಾರಿಸಿದಳು.

ಶಬ್ದ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಫೋನಿನಲ್ಲಿ ಓದುತ್ತಿದ್ದ ಮಗುವಿನ ದನಿ ನಿಂತಿತು.

"ಮಾನಸಿಯ ಮಮ್ಮಿ," ಎಂದರು ಮಲ್ಲಿಕಾ ಮಿಸ್, ಬಹಳ ಮೆಲ್ಲಗೆ, "ನಿಮ್ಮ ಮೈಕ್ ಆನ್ ಇದೆ."

ಪರದೆಯ ಮೇಲಿನ ಸಣ್ಣ ಸಣ್ಣ ಚೌಕಗಳಲ್ಲಿ ಮಕ್ಕಳು ಸುಮ್ಮನಾಗಿದ್ದರು. ಒಂದು ಚೌಕದಲ್ಲಿ ಮಗುವಿನ ಹಿಂದೆ ಸೊಪ್ಪು ಬಿಡಿಸುತ್ತ ಕುಳಿತ ಹೆಂಗಸು ಕೈ ನಿಲ್ಲಿಸಿ ನೋಡುತ್ತಿದ್ದಳು. ಇನ್ನೊಂದರಲ್ಲಿ ಒಬ್ಬ ಅಜ್ಜ. ರಮಿತಾ ಫೋನನ್ನು ಕವುಚಿ ಹಾಕಿದಳು.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಯಾರೂ ಏನೂ ಹೇಳಲಿಲ್ಲ. ಯಾವಾಗಲೂ ಗುಡ್ ಮಾರ್ನಿಂಗ್ ಹೂಗಳಿಂದ ತುಂಬುತ್ತಿದ್ದ ಗುಂಪು ಸಂಜೆಯವರೆಗೂ ಖಾಲಿ ಇತ್ತು. ಯಾರಾದರೂ ಬೈದಿದ್ದರೆ ಉತ್ತರ ಕೊಡಬಹುದಿತ್ತು ಎನ್ನಿಸಿತು ಅವಳಿಗೆ. ಮಾನಸಿ ಅಳಲಿಲ್ಲ. ಊಟ ಮಾಡಿದಳು, ಟಿವಿ ನೋಡಿದಳು, ಅಪ್ಪ ಬಂದಾಗ ಏನೂ ಹೇಳಲಿಲ್ಲ. ಹೇಳಿದ್ದು ರಮಿತಾಳೇ. ಶೈಲೇಶ್ "ಹೊಡಿಬಾರದಿತ್ತು," ಎಂದ. ಅಷ್ಟು ಹೇಳಿ, ಅದೂ ಹೆಚ್ಚಾಯಿತೇನೋ ಎಂಬಂತೆ ಅವಳಿಗೆ ಚಹಾ ಮಾಡಿ ತಂದುಕೊಟ್ಟ.

ಮರುದಿನ ಕ್ಲಾಸು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮಾನಸಿ ಏನೋ ತಪ್ಪು ಬರೆದು ರಬ್ಬರಿನಿಂದ ಉಜ್ಜುತ್ತಿದ್ದಳು. ರಮಿತಾ ಆಚೆ ಮೂಲೆಯಿಂದ ಅದನ್ನು ನೋಡಿ ಕುರ್ಚಿ ಸರಿಸಿದಳು. ಬೈಯಲು ಅಲ್ಲ, ಸುಮ್ಮನೆ ಎದ್ದಳು. ಮಾನಸಿ ತಟ್ಟನೆ ಫೋನಿನತ್ತ ಬಗ್ಗಿ ಮೈಕಿನ ಗುರುತು ನೋಡಿ, ಅಮ್ಮನತ್ತ ತಿರುಗಿದಳು.

"ಮೈಕ್ ಬಂದ್ ಹೈ ಮಮ್ಮಿ," ಎಂದಳು. ಆಮೇಲೆ, ಅಮ್ಮನಿಗೆ ಸರಿಯಾಗಿ ತಿಳಿಯಲೆಂದು ಕನ್ನಡದಲ್ಲಿ: "ಈಗ ಬೈದ್ರೆ ಯಾರಿಗೂ ಕೇಳುದಿಲ್ಲ."

ಅದರಲ್ಲಿ ಕೋಪವಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಮಗು ಅಮ್ಮನಿಗೆ ಸಹಾಯ ಮಾಡುತ್ತಿತ್ತು. ರಮಿತಾ "ನಾನು ಬೈಯುದಿಲ್ಲ," ಎಂದಳು. ಮಾನಸಿ ತಲೆಯಾಡಿಸಿ ಮತ್ತೆ ಉಜ್ಜತೊಡಗಿದಳು. ಅವಳು ನಂಬಿರಲಿಲ್ಲ. ಆ ಹೊತ್ತಿಗೆ ರಮಿತಾಳಿಗೆ ತನ್ನ ಮೇಲೆ ತನಗೇ ನಂಬಿಕೆಯಿರಲಿಲ್ಲ.

ಮೂರು ನಾಲ್ಕು ದಿನಗಳ ನಂತರ ಪಕ್ಕದ ಮನೆಯ ಸೋನಾಲಿ ಬಾಗಿಲು ತಟ್ಟಿದಳು. ಎರಡೂ ಮನೆಗಳ ಹಾಲಿಗೆ ಒಂದೇ ಗೋಡೆ. ಸೋನಾಲಿ ಕೆಳಗಿನ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವಳು. ಅದು ಮುಚ್ಚಿ ತಿಂಗಳುಗಳಾಗಿದ್ದವು. ಗಂಡ ಲೋಕನಾಥ ನವಿ ಮುಂಬಯಿಯಲ್ಲಿ ಬಸ್ ಕಂಡಕ್ಟರ್. ಮಗ ಮಲ್ಹಾರ್ ಬೇರೆ ಶಾಲೆಯಲ್ಲಿ ಮೂರನೇ ಕ್ಲಾಸು. ಸೋನಾಲಿ ಮರಾಠಿ, ಹಿಂದಿ ಕಲಸಿ ಮಾತಾಡುತ್ತಿದ್ದಳು, ರಮಿತಾ ಅದೇ ಕಲಬೆರಕೆಯಲ್ಲಿ ಉತ್ತರಿಸುತ್ತಿದ್ದಳು.

"ಅರೇ, ಆ ದಿನ ನನಗೆ ಫೋನ್ ಬೇಕಿರಲಿಲ್ಲ, ಗೋಡೆಯಲ್ಲೇ ಎಲ್ಲ ಕೇಳಿಸ್ತು," ಎಂದಳು ಸೋನಾಲಿ, ಮಾಸ್ಕ್ ಸರಿಮಾಡಿಕೊಳ್ಳುತ್ತ. ರಮಿತಾ ಬಾಗಿಲು ಹಾಕಿಬಿಡಬೇಕೆಂದುಕೊಂಡಳು. "ಮುಖ ಹಾಗೆ ಮಾಡ್ಬೇಡ. ಕಳೆದ ವಾರ ನಮ್ಮನೇಲಿ ಏನೋ ಒಡೆದದ್ದು ಕೇಳಿಸ್ಲಿಲ್ವಾ ನಿನಗೆ? ಮಲ್ಹಾರ್ ಕಳೆಯುವ ಲೆಕ್ಕ ಮತ್ತೆ ಮತ್ತೆ ತಪ್ಪು ಮಾಡ್ದ. ನಾನು ಕೈಲಿದ್ದ ತಟ್ಟೆ ಎಸೆದೆ. ಗೋಡೆಗೆ ಎಸೆದೆ, ಅವನಿಗಲ್ಲ. ಆದರೆ ಅವನು ತಲೆ ಮೇಲೆ ಎರಡೂ ಕೈ ಇಟ್ಕೊಂಡು ಕೂತ."

ರಮಿತಾ ಬಾಗಿಲನ್ನು ಪೂರ್ತಿ ತೆರೆದಳು.

"ಒಂದು ಕೇಳ್ತೀನಿ," ಎಂದಳು ಸೋನಾಲಿ. "ನಿನ್ನ ಮಗಳನ್ನ ನನಗೆ ಕೊಡು. ನನ್ನ ಮಗನನ್ನ ನೀನು ತಗೋ. ದಿನಾ ಒಂದು ಗಂಟೆ. ನೀನು ಲೆಕ್ಕದವಳು, ಅವನಿಗೆ ಲೆಕ್ಕ ಹೇಳಿಕೊಡು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಎರಡನೇ ಕ್ಲಾಸಿನ ಪುಸ್ತಕ ಓದಬಲ್ಲೆ."

ರಮಿತಾಳಿಗೆ ಮೊದಲು ಬಂದದ್ದು ಸಿಟ್ಟು. ಹೆತ್ತ ತಾಯಿಯ ಕೈಲಾಗದ್ದು ಪಕ್ಕದವಳ ಕೈಲಾಗುತ್ತದೆಯೇ? ಶೈಲೇಶನಿಗೂ ಒಪ್ಪಿಗೆಯಿರಲಿಲ್ಲ. "ಅವರ ಗಂಡ ದಿನಾ ಬಸ್ಸಿನಲ್ಲಿ ಓಡಾಡುವವ. ಮಗುವನ್ನು ಅಲ್ಲಿಗೆ ಕಳಿಸುದಾ?" ಎಂದ. "ನೀವು ದಿನಾ ಹೋಟೆಲಿಗೆ ಹೋಗುದಿಲ್ವಾ? ಅವಳು ಅದನ್ನು ಕೇಳ್ಲಿಲ್ಲ," ಎಂದಳು ರಮಿತಾ. ಹಾಗೆ ಹೇಳಿದ ಮೇಲೆ ತಾನು ಒಪ್ಪಿಬಿಟ್ಟಿದ್ದೇನೆ ಎಂದು ಅವಳಿಗೇ ಗೊತ್ತಾಯಿತು.

ಮರುವಾರದಿಂದ ಸಂಜೆ ಆಫೀಸಿನ ಕೆಲಸ ಮುಗಿದ ಮೇಲೆ ಮಲ್ಹಾರ್ ಈ ಮನೆಗೆ, ಮಾನಸಿ ಆ ಮನೆಗೆ. ಮಲ್ಹಾರ್ ಕಾಲು ಅಲ್ಲಾಡಿಸುತ್ತ, ಪೆನ್ಸಿಲಿನ ತುದಿ ಕಚ್ಚುತ್ತ ಕೂರುವ ಹುಡುಗ. ಕಳೆಯುವ ಲೆಕ್ಕದಲ್ಲಿ ಮೇಲಿನ ಅಂಕಿ ಸಣ್ಣದಿದ್ದರೆ ಅವನು ಯೋಚನೆ ಮಾಡದೆ ಕೆಳಗಿನದರಿಂದ ಮೇಲಿನದನ್ನು ಕಳೆದುಬಿಡುತ್ತಿದ್ದ. ರಮಿತಾ ಪಕ್ಕದ ಮನೆಯಿಂದ ಸಾಲ ತರುವ ಹಾಗೆ ಎಂದು ವಿವರಿಸಿದಳು. ಅವನು ಹೂಂ ಎಂದ, ಮತ್ತೆ ಹಾಗೇ ಮಾಡಿದ. ಅವಳು ಕಡ್ಡಿಗಳನ್ನು ಕಟ್ಟುಕಟ್ಟಿ ತೋರಿಸಿದಳು. ಮತ್ತೆ ಹಾಗೇ ಮಾಡಿದ. ನಾಲ್ಕನೆಯ ಸಂಜೆ, ಅದೇ ತಪ್ಪನ್ನು ಎಷ್ಟನೆಯ ಸಲವೋ ತಿದ್ದುತ್ತಿದ್ದಾಗ, ತನಗೆ ಇನ್ನೂ ಸಿಟ್ಟೇ ಬಂದಿಲ್ಲವೆಂದು ರಮಿತಾಳಿಗೆ ಹೊಳೆಯಿತು. ದನಿ ಏರಿರಲಿಲ್ಲ. "ಇರಲಿ, ಇನ್ನೊಂದು ಮಾಡುವ," ಎಂದು ಅವಳು ನಿಜವಾಗಿಯೂ ಅನ್ನುತ್ತಿದ್ದಳು.

ಇದೇ ತಾಳ್ಮೆ ಎಲ್ಲಿತ್ತು ಇಷ್ಟು ದಿನ? ಅವಳು ಅದರ ಬಗ್ಗೆ ತುಂಬ ಯೋಚಿಸಿದಳು. ಮಲ್ಹಾರನ ತಪ್ಪು ಬರೀ ತಪ್ಪು. ಅದು ಹಾಳೆಯ ಮೇಲಿರುತ್ತಿತ್ತು, ರಬ್ಬರಿಗೆ ಅಳಿಸಿಹೋಗುತ್ತಿತ್ತು. ಮಾನಸಿ ತಡವರಿಸಿದಾಗ ಮಾತ್ರ ಅವಳಿಗೆ ಕಾಲೇಜಿನ ಕೋಣೆ, ಮುಂದಿನವರ ಬೆನ್ನು, ಮಗಳ ಮುಂದಿನ ಇಪ್ಪತ್ತು ವರ್ಷ, ಎಲ್ಲ ಒಟ್ಟಿಗೆ ಕಣ್ಣೆದುರು ಬರುತ್ತಿತ್ತು.

ಗೋಡೆಯಾಚೆಯಿಂದ ಕೆಲವು ಸಲ ನಗು ಕೇಳಿಸುತ್ತಿತ್ತು. ಸೋನಾಲಿ ಪುಸ್ತಕದ ಕೋಳಿ, ಕರಡಿಗಳಿಗೆಲ್ಲ ಬೇರೆ ಬೇರೆ ದನಿ ಕೊಟ್ಟು ಓದುತ್ತಿದ್ದಳಂತೆ. ಕರಡಿಯ ದನಿ ಅವಳ ಅತ್ತೆಯದಂತೆ. ಮಗಳು ಕಿಲಕಿಲ ನಕ್ಕಾಗ ರಮಿತಾಳಿಗೆ ಹಿತವಾಗುತ್ತಿತ್ತು, ಹೊಟ್ಟೆಯೊಳಗೆ ಏನೋ ಸಣ್ಣಗೆ ಉರಿಯುತ್ತಲೂ ಇತ್ತು. ಆ ಉರಿಯ ಬಗ್ಗೆ ಅವಳು ಯಾರಿಗೂ ಹೇಳಲಿಲ್ಲ.

ಒಂದು ರವಿವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಮಾನಸಿ ಕೇಳಿದಳು: "ಮಮ್ಮಿ, ನೀನು ಮಲ್ಹಾರ್‌ಗೆ ಎಂತಕ್ಕೆ ಬೈಯುದಿಲ್ಲ? ಅವನಿಗೆ ಅಷ್ಟು ತಪ್ಪಾಗ್ತದೆ."

ರಮಿತಾಳ ಕೈ ನಿಂತಿತು. ಸುಳ್ಳು ಹೇಳುವುದು ಸುಲಭವಿತ್ತು.

"ಅವನಿಗೆ ತಪ್ಪಾದ್ರೆ ನಂಗೆ ಹೆದರಿಕೆ ಆಗುದಿಲ್ಲ," ಎಂದಳು. "ನಿಂಗೆ ತಪ್ಪಾದ್ರೆ ಹೆದರಿಕೆ ಆಗ್ತದೆ. ನಿಂಗೆ ಓದ್ಲಿಕ್ಕೆ ಬರದಿದ್ರೆ ಅದು ನನ್ನ ತಪ್ಪು ಅಂತ ಕಾಣ್ತದೆ."

ಮಾನಸಿ ಸ್ವಲ್ಪ ಯೋಚಿಸಿದಳು. "ಆದ್ರೆ ಓದ್ಲಿಕ್ಕೆ ಬರದ್ದು ನಂಗೆ."

"ಹೌದು ಮಗಾ."

"ನಿಂಗೆ ಬರ್ತದಲ್ಲ. ಮತ್ತೆ ನೀನ್ಯಾಕೆ ಹೆದರುದು?"

ರಮಿತಾ ಅವಳ ನೆತ್ತಿಗೆ ಇನ್ನಷ್ಟು ಎಣ್ಣೆ ಸುರಿದಳು. "ಆ ದಿನ ಹೊಡೆದದ್ದು ತಪ್ಪಾಯ್ತು," ಎಂದಳು. ಮಾನಸಿ "ಠೀಕ್ ಹೈ," ಎಂದು, ಎಣ್ಣೆ ಕಣ್ಣಿಗೆ ಬರ್ತಾ ಉಂಟು ಎಂದು ದೂರಿದಳು.

ಚಳಿಗಾಲ ಕಳೆಯಿತು. ಮಾನಸಿ ಶಬ್ದಗಳನ್ನು ಒಡೆದು ಒಡೆದು ಓದತೊಡಗಿದಳು. ಮಲ್ಹಾರನ ಲೆಕ್ಕ ಒಂದು ವಾರ ಸರಿಯಾದರೆ ಇನ್ನೊಂದು ವಾರ ಮೊದಲಿನಂತೆಯೇ ಆಗುತ್ತಿತ್ತು.

ಏಪ್ರಿಲಿನಲ್ಲಿ ಲೋಕನಾಥನಿಗೆ ಜ್ವರ ಬಂತು. ಎರಡನೆಯ ಅಲೆಯ ದಿನಗಳು ಅವು. ಇಡೀ ದಿನ ಆಂಬುಲೆನ್ಸಿನ ಸದ್ದು. ಲೋಕನಾಥನಿಗೆ ಉಸಿರು ಕಟ್ಟತೊಡಗಿ, ಎಲ್ಲೆಲ್ಲೋ ಕೇಳಿ ಕೊನೆಗೆ ಕಲ್ಯಾಣದಲ್ಲಿ ಒಂದು ಹಾಸಿಗೆ ಸಿಕ್ಕಿತು. ಸೋನಾಲಿಗೂ ಪಾಸಿಟಿವ್ ಬಂತು, ಜ್ವರ ಅಷ್ಟಿರಲಿಲ್ಲ. ಮಲ್ಹಾರನಿಗೆ ನೆಗೆಟಿವ್. ರಮಿತಾ, ಶೈಲೇಶ್, ಮಾನಸಿಯೂ ಪರೀಕ್ಷೆ ಮಾಡಿಸಿಕೊಂಡರು. ಮೂವರಿಗೂ ಏನೂ ಇರಲಿಲ್ಲ. ರಿಪೋರ್ಟ್ ಬಂದ ಮೇಲೆ ಶೈಲೇಶ್ ಹೇಳಿದ.

"ನಾನು ಆಗಲೇ ಹೇಳಿದ್ದೆ. ಮಗುವನ್ನು ಅಲ್ಲಿಗೆ ಕಳಿಸಿದ್ದು ಯಾರು?"

"ನಾನೇ," ಎಂದಳು ರಮಿತಾ.

ಸೋನಾಲಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಳು. ಮಲ್ಹಾರ್ ಹಾಲಿನಲ್ಲಿ ಒಬ್ಬನೇ. ಅವರ ಕಡೆಯವರೆಲ್ಲ ಸಾತಾರದ ಹಳ್ಳಿಯಲ್ಲಿ, ಬರುವ ಹಾಗಿರಲಿಲ್ಲ. ಕಟ್ಟಡದವರು ಊಟದ ಡಬ್ಬಿ ಬಾಗಿಲ ಹೊರಗಿಟ್ಟು ಗಂಟೆ ಒತ್ತಿ ಓಡುತ್ತಿದ್ದರು. ಗೋಡೆಯಾಚೆ ಇಡೀ ದಿನ ಟಿವಿಯ ಸದ್ದು ಮಾತ್ರ ಕೇಳಿಸುತ್ತಿತ್ತು, ಅದೇ ಕಾರ್ಟೂನು, ಮತ್ತೆ ಮತ್ತೆ. ಎರಡನೆಯ ದಿನ ಸಂಜೆ, ಯಾವಾಗಲೂ ಪಾಠಕ್ಕೆ ಬರುವ ಹೊತ್ತಿಗೆ, ಟಿವಿ ನಿಂತಿತು. ಆಮೇಲೆ ಹುಡುಗ ಅಳುವುದು ಕೇಳಿಸಿತು. ಬಾಯಿಗೆ ಏನೋ ಒತ್ತಿಕೊಂಡು, ಅಮ್ಮನಿಗೆ ಕೇಳಿಸದ ಹಾಗೆ ಅಳುತ್ತಿದ್ದ.

"ಅವನನ್ನು ಕರ್ಕೊಂಡು ಬರ್ತೇನೆ," ಎಂದಳು ರಮಿತಾ.

ಶೈಲೇಶ್ ಅವಳನ್ನೇ ನೋಡಿದ. ಅವನ ಹೋಟೆಲಿನ ಕ್ಯಾಶಿಯರ್ ಜಯಶೀಲ ಹದಿನೈದು ದಿನದ ಹಿಂದೆ ತೀರಿಹೋಗಿದ್ದ. ಮುಖ ನೋಡಲೂ ಯಾರಿಗೂ ಬಿಟ್ಟಿರಲಿಲ್ಲ. "ರಮಿ, ನಂಗೆ ಕನಿಕರ ಇಲ್ಲ ಅಂತಲ್ಲ," ಎಂದ. "ನಾಳೆ ಅವನಿಗೆ ಪಾಸಿಟಿವ್ ಬಂದ್ರೆ? ನಾನು ಅಡುಗೆಯವರ ಹತ್ತಿರ ಇಡೀ ದಿನ ಇರುವವ. ಮಾನಸಿಗೆ ಬಂದ್ರೆ ಹಾಸಿಗೆ ಎಲ್ಲಿ ಹುಡುಕ್ತೀ?"

"ಗೊತ್ತಿಲ್ಲ. ನೀವು ಹೇಳುದು ಎಲ್ಲ ಸರಿಯೇ. ಆದ್ರೆ ನಾಲ್ಕು ತಿಂಗಳು ನನ್ನೆದುರು ಕೂತ ಮಗು ಅದು. ಇದನ್ನು ಕೇಳ್ತಾ ಇಲ್ಲಿ ಊಟ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಶೈಲೇಶ್ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡ. ಹೋಟೆಲಿನ ಮೇಲಿನ ಕೋಣೆಯಲ್ಲಿ ಇರುತ್ತೇನೆ ಎಂದು ಹೇಳಿ ಹೊರಟ. ಸಿಟ್ಟಿನಿಂದಲೋ ಎಚ್ಚರಿಕೆಯಿಂದಲೋ ಎಂದು ರಮಿತಾಳಿಗೆ ಸ್ಪಷ್ಟವಾಗಲಿಲ್ಲ. ಬಹುಶಃ ಅವನಿಗೂ ಆಗಿರಲಿಲ್ಲ. ಆದರೆ ಮರುದಿನದಿಂದ ದಿನವೂ ಕಲ್ಯಾಣದಿಂದ ಬರುವ ಪರಿಚಯದ ರಿಕ್ಷಾದವನ ಕೈಯಲ್ಲಿ ಇಡ್ಲಿ, ಸಾರು, ಪಲ್ಯದ ಪೊಟ್ಟಣಗಳು ಬಂದವು. ಮೂವರಿಗೆ ಸಾಕಾಗುವಷ್ಟು, ಮತ್ತು ಸೋನಾಲಿಗೆಂದು ಖಾರವಿಲ್ಲದ ಗಂಜಿ ಬೇರೆ.

ಮಲ್ಹಾರನಿಗೆ ರಮಿತಾ ಬೆಡ್‌ರೂಮು ಬಿಟ್ಟುಕೊಟ್ಟಳು. ಮೊದಮೊದಲು ಎಲ್ಲರೂ ಮಾಸ್ಕು ಹಾಕಿಕೊಂಡು, ಕಿಟಕಿಗಳನ್ನೆಲ್ಲ ತೆರೆದು, ದೂರ ದೂರ ಕುಳಿತರು. ಅವನು ಪುಸ್ತಕ ಮುಟ್ಟಲಿಲ್ಲ, ಅವಳೂ ಮುಟ್ಟಿಸಲಿಲ್ಲ. ದಿನಕ್ಕೆರಡು ಬಾರಿ ಅವನು ಹಾಲಿನ ಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಸೋನಾಲಿ ಎದ್ದು ಬಂದು ಆಚೆಯಿಂದ ತಟ್ಟುತ್ತಿದ್ದಳು. ಕೆಲವು ಸಲ ಉತ್ತರ ಬರಲು ತಡವಾಗುತ್ತಿತ್ತು. ಆಗ ಮೂವರೂ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದರು.

ಒಂದು ಸಂಜೆ ಉತ್ತರ ಬಂದ ಮೇಲೆಯೂ ಮಲ್ಹಾರ್ ಗೋಡೆಯ ಬಳಿಯಿಂದ ಏಳಲಿಲ್ಲ. ಮಾನಸಿ ಅವನನ್ನು ನೋಡಿದಳು, ಗಡಿಯಾರ ನೋಡಿದಳು. ಅಪ್ಪ ಆ ದಿನ ಇಡ್ಲಿಯ ಜತೆ ಒಂದು ಹೊಸ ಕಥೆಪುಸ್ತಕ ಕಳಿಸಿದ್ದ. ಅದನ್ನು ತೆಗೆದುಕೊಂಡು, "ಮಮ್ಮಿ, ಆಂಟಿಗೆ ಫೋನ್ ಹಚ್ಚು. ನನ್ನ ಓದುವ ಟೈಮ್ ಆಯ್ತು," ಎಂದಳು.

ರಮಿತಾ ಫೋನು ಹಚ್ಚಿ ನಡುವೆ ಇಟ್ಟಳು. ಸೋನಾಲಿ ಕೆಮ್ಮುತ್ತ, "ಬೋಲ್ ಬಾಳ, ಓದು ಮಗಾ," ಎಂದಳು. ಮಾನಸಿ ಓದತೊಡಗಿದಳು. ಅದು ಸಮುದ್ರದ ನಡುವಿನ ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಒಂದು ಆಡಿನ ಕಥೆ. ಅವಳು ಮೊದಲು ಯಾರ ಬಾಯಲ್ಲೂ ಕೇಳಿರದ ಕಥೆ. ಓದು ಹಳೆಯ ಸೈಕಲಿನ ಹಾಗೆ ಹೋಗುತ್ತಿತ್ತು. ಸ್ವಲ್ಪ ದೂರ, ನಿಂತು, ಮತ್ತೆ ಸ್ವಲ್ಪ ದೂರ. 'ಐಲೆಂಡ್' ಎಂಬುದನ್ನು ಅವಳು ಪ್ರತಿಸಲವೂ 'ಇಸ್‌ಲ್ಯಾಂಡ್' ಎಂದೇ ಓದಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ರಮಿತಾಳ ನಾಲಗೆಯ ತುದಿಗೆ ಸರಿಯಾದ ಉಚ್ಚಾರ ಬಂದು ನಿಂತಿತ್ತು. ಅವಳು ಬಾಯಿ ತೆರೆಯಲಿಲ್ಲ. ಫೋನಿನಾಚೆ ಸೋನಾಲಿಯೂ ಏನೂ ಹೇಳಲಿಲ್ಲ. ಮಲ್ಹಾರ್ ಮೆಲ್ಲನೆ ಗೋಡೆಯಿಂದ ಸರಿದು ಪುಸ್ತಕದತ್ತ ಬಗ್ಗಿ, "ಅರೇ, ಎಸ್ ಸೈಲೆಂಟ್ ಹೈ," ಎಂದ. ಎಷ್ಟೋ ದಿನದ ನಂತರ ಅವನು ತಾನಾಗಿ ಆಡಿದ ಮಾತು ಅದು.

"ಮತ್ತೆ ಬರೆದದ್ದು ಯಾಕೆ?" ಎಂದು ಮಾನಸಿ ಜಗಳಕ್ಕೆ ನಿಂತಳು. ಫೋನಿನಲ್ಲಿ ಸೋನಾಲಿ ನಕ್ಕು, ನಗು ಕೆಮ್ಮಾಗಿ, "ನನಗೂ ಗೊತ್ತಿಲ್ಲ ಬಾಳ," ಎಂದಳು. ರಮಿತಾ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಸೋನಾಲಿ ಮೇ ತಿಂಗಳ ಮೊದಲಲ್ಲಿ ಹೊರಬಂದಳು. ಲೋಕನಾಥ ಇನ್ನೂ ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಅಂಗಿಯೊಳಗೆ ಅರ್ಧದಷ್ಟಾಗಿ ಮನೆಗೆ ಬಂದ. ಮೂರು ಮಹಡಿ ಹತ್ತುವಾಗ ಎಲ್ಲ ತಿರುವಿನಲ್ಲೂ ಕುಳಿತ. ಶೈಲೇಶನೇ ಅವನ ಚೀಲ ಹಿಡಿದು ಹಿಂದಿನಿಂದ ಬಂದ. ಮೇಲೆ ತಲುಪಿದ ಮೇಲೆ ಲೋಕನಾಥ ಕೈಮುಗಿಯಲು ಹೋದ. ಶೈಲೇಶ್ ಮುಜುಗರದಿಂದ, "ನಾನು ಓಡಿಹೋದವ ಮಾರಾಯ್ರೆ. ಕೈಮುಗಿಯುದಿದ್ರೆ ಇವಳಿಗೆ," ಎಂದು ಹೆಂಡತಿಯತ್ತ ತೋರಿಸಿದ. ಕನ್ನಡದಲ್ಲಿ ಹೇಳಿದ್ದು ಲೋಕನಾಥನಿಗೆ ಅರ್ಥವಾಗಲಿಲ್ಲ. ರಮಿತಾಳಿಗೆ ಆಯಿತು.

ಮಾನಸಿ ಮೂರನೇ ಕ್ಲಾಸಿಗೆ ಬಂದಳು, ಅದೇ ಮೂಲೆಯಲ್ಲಿ, ಅದೇ ಫೋನಿನ ಮುಂದೆ. ಪಾಠದ ಅದಲುಬದಲು ಮತ್ತೆ ಶುರುವಾಯಿತು. ಜುಲೈಯ ಒಂದು ಮಧ್ಯಾಹ್ನ ರಮಿತಾ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದಾಗ ಮಾನಸಿ ಮರಾಠಿ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟಳು.

"ಈ ಶಬ್ದ ನಂಗೆ ಬರುದಿಲ್ಲ ಮಮ್ಮಿ."

ರಮಿತಾ ಮೊದಲು ಪುಸ್ತಕ ನೋಡಲಿಲ್ಲ, ಮಗಳನ್ನು ನೋಡಿದಳು. ಗೊತ್ತಿಲ್ಲ ಎಂದು ಅವಳಾಗಿಯೇ ಬಂದು ಹೇಳಿದ್ದು ಇದೇ ಮೊದಲು. ಮುಖದಲ್ಲಿ ಅಳುಕಿರಲಿಲ್ಲ. ಶಬ್ದ ಗೊತ್ತಾಗಬೇಕಿತ್ತು, ಅಷ್ಟೆ.

'ಪಾಗೋಳ್ಯಾ' ಎಂದಿತ್ತು. ರಮಿತಾ ಎರಡು ಸಲ ಓದಿದಳು. "ನಂಗೂ ಗೊತ್ತಿಲ್ಲ," ಎಂದಳು.

"ನಿಂಗೂ?"

"ನಂಗೂ. ಆಂಟಿಯನ್ನು ಕೇಳುವ."

ಇಬ್ಬರೂ ಬಾಗಿಲಿಗೆ ಹೋದರು. ಸೋನಾಲಿ ಹಿಟ್ಟಿನ ಕೈಯಲ್ಲೇ ಬಂದು, ಎರಡೂ ಕೈ ಮೇಲಿನಿಂದ ಕೆಳಕ್ಕೆ ಇಳಿಸುತ್ತ ವಿವರಿಸಿದಳು: ಮಳೆ ಬರುವಾಗ ಮಾಡಿನ ಅಂಚಿನಿಂದ ಸಾಲಾಗಿ ದಾರದ ಹಾಗೆ ಇಳಿಯುತ್ತದಲ್ಲ, ಆ ನೀರು. ರಮಿತಾಳಿಗೆ ಕೂಡಲೇ ಹೊಳೆಯಿತು. ಮಾನಸಿಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಮೂರನೇ ಮಹಡಿಯಲ್ಲಿದ್ದವಳು. ಅವಳು ಕಂಡ ಮಳೆಯೆಲ್ಲ ಕಿಟಕಿಯ ಸರಳಿನಾಚೆಯದು.

ಹೊರಗೆ ಜಡಿಮಳೆ ಹಿಡಿದಿತ್ತು. ಆಫೀಸಿನ ಒಂದು ಮೇಲ್ ಅರ್ಧಕ್ಕೇ ನಿಂತಿತ್ತು. ರಮಿತಾ ಮಾಸ್ಕು, ಕೊಡೆ ತೆಗೆದುಕೊಂಡು, "ಬಾ," ಎಂದಳು. ಇಬ್ಬರೂ ಮೆಟ್ಟಿಲಿಳಿದು, ಗಲ್ಲಿಯ ತಿರುವಿನಲ್ಲಿದ್ದ ರಿಕ್ಷಾ ಸ್ಟ್ಯಾಂಡಿನ ತಗಡಿನ ಮಾಡಿನ ಕೆಳಗೆ ಹೋಗಿ ನಿಂತರು. ಅಲ್ಲಿ ಯಾರೂ ಇರಲಿಲ್ಲ. ತಗಡಿನ ಏಣುಗಳಿಂದ ನೀರು ಒಂದರ ಪಕ್ಕ ಒಂದು ಎಳೆಯಾಗಿ ನೇರ ಕೆಳಗೆ ಇಳಿಯುತ್ತಿತ್ತು. ಅದರಾಚೆ ರಸ್ತೆ, ಮುಚ್ಚಿದ ಅಂಗಡಿಗಳು, ನಿಧಾನ ಹೋಗುತ್ತಿದ್ದ ಒಂದು ಬಸ್ಸು ಎಲ್ಲ ಮಸುಕಾಗಿ ಕಾಣುತ್ತಿದ್ದವು.

"ಇದಾ?" ಎಂದಳು ಮಾನಸಿ.

"ಇದೇ."

"ಕನ್ನಡದಲ್ಲಿ ಎಂತ ಹೇಳುದು?"

ರಮಿತಾ ಯೋಚಿಸಿದಳು. ಮಾಡಿನ ನೀರು, ಸೂರಿನ ನೀರು ಎಂದೆಲ್ಲ ಹೇಳಬಹುದಿತ್ತು. ಇಷ್ಟಕ್ಕೇ ಎಂದು ಇರುವ ಒಂದೇ ಶಬ್ದ ನೆನಪಿಗೆ ಬರಲಿಲ್ಲ. ಇತ್ತೋ ಇಲ್ಲವೋ. "ಗೊತ್ತಿಲ್ಲ ಮಗಾ," ಎಂದಳು, ಆ ದಿನ ಎರಡನೆಯ ಸಲ.

ಮಾನಸಿ ಕೈ ಚಾಚಿ ಒಂದು ಎಳೆಯನ್ನು ಅಂಗೈಯಲ್ಲಿ ಹಿಡಿದಳು. ನೀರು ಮೊಣಕೈವರೆಗೆ ಹರಿದು ಫ್ರಾಕ್ ನೆನೆಯಿತು. ಆಮೇಲೆ ಪಕ್ಕದ ಎಳೆ, ಅದರ ಪಕ್ಕದ್ದು. ಪ್ರತಿಯೊಂದಕ್ಕೂ ಪಾಗೋಳ್ಯಾ, ಪಾಗೋಳ್ಯಾ ಎಂದು ಹೇಳುತ್ತ ಮಾಡಿನ ಆ ತುದಿಯವರೆಗೂ ಹೋದಳು. ಶಾಲೆ ತೆರೆಯಲು ಇನ್ನೂ ತಿಂಗಳುಗಳಿದ್ದವು. ರಮಿತಾ ಕೊಡೆ ಮಡಚಿ, ಅವಳು ತಿರುಗಿ ಬರುವವರೆಗೆ ಕಾದು ನಿಂತಳು.